ಬೂದಿದಿಬ್ಬದ ಗುಟ್ಟು ದನಗಾಹಿಗಳ ಬಳಿಯೇ ಇತ್ತು

ಸುರಪುರ ಸೀಮೆಯ ಬೂದಿಹಾಳಕ್ಕೆ ಹೆಸರಿನಲ್ಲೇ ಬೂದಿ ಅಂಟಿಕೊಂಡಿದೆ; ಅಲ್ಲಿರುವುದು ನವಶಿಲಾಯುಗದ ಬೂದಿಯ ದಿಬ್ಬ. ಬಳ್ಳಾರಿ, ರಾಯಚೂರು, ಯಾದಗಿರಿ ಮತ್ತು ಆಚೆಯ ಆಂಧ್ರ, ತೆಲಂಗಾಣದಲ್ಲಿ ಇಂಥ ಬೂದಿದಿಬ್ಬಗಳು ನೂರಕ್ಕೂ ಹೆಚ್ಚಿವೆ. ಅಗೆದರೆ ಒಂದು ಪದರ ಹಿಟ್ಟಿನಂತೆ ನುಣುಪು. ಅದರ ಕೆಳಗಿನದು ಕರಗಿ, ಗಾಜಿನಂತೆ ಗಟ್ಟಿಯಾದ ಕಿಟ್ಟ. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಜನ ನಂಬುತ್ತಾರೆ. ಬ್ರಿಟಿಷರ ಕಾಲದ ವಿದ್ವಾಂಸರು ಜ್ವಾಲಾಮುಖಿ, ಕುಲುಮೆ, ಸಾಮೂಹಿಕ ದಹನ ಎಂದೆಲ್ಲ ಊಹಿಸಿದರು. ಇದು ಸುಟ್ಟ ಸಗಣಿ ಎಂದ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಮಾತನ್ನು ಬಹುಕಾಲ ಎಲ್ಲರೂ ಒಪ್ಪಲಿಲ್ಲ.

ಉತ್ತರ ಸಿಕ್ಕಿದ್ದು ಈಗಿನ ತೆಲಂಗಾಣದ ಉಟ್ನೂರಿನಲ್ಲಿ. 1957ರಲ್ಲಿ ಅಲ್ಲಿ ಉತ್ಖನನ ನಡೆಸಿದ ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ ಅವರಿಗೆ ದನದ ದೊಡ್ಡಿಯ ಸುತ್ತ ಮರದ ಗೂಟ ನೆಟ್ಟಿದ್ದ ಕುಳಿಗಳ ಸಾಲು ಕಂಡಿತು. ದೊಡ್ಡಿಯ ಒಳಗೆ ಗೊರಸಿನ ಗುರುತುಗಳಿದ್ದವು: ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ದನಗಳು ತುಳಿದ ನೆಲ, ತುಳಿದ ಹಾಗೆಯೇ. ಆದರೆ ಗುಡ್ಡೆಯಷ್ಟು ಸಗಣಿಯನ್ನು ಮತ್ತೆ ಮತ್ತೆ ಸುಟ್ಟದ್ದೇಕೆ? ಇದಕ್ಕೆ ಆಲ್ಚಿನ್ ಇಂದಿನ ದನಗಾಹಿಗಳತ್ತ ತಿರುಗಿದರು. ಹಬ್ಬಗಳಲ್ಲಿ ದನಗಳನ್ನು ಬೆಂಕಿ ದಾಟಿಸುವ ಪದ್ಧತಿಯಲ್ಲಿ ಆ ಹಳೆಯ ಆಚರಣೆಯ ಎಳೆಯನ್ನು ಗುರುತಿಸಿದರು. ಸಂಕ್ರಾಂತಿಯಂದು ಕಿಚ್ಚು ಹಾಯಿಸುವುದನ್ನು ನೋಡಿದ ಯಾವ ಕನ್ನಡಿಗನಿಗೂ ಈ ಮಾತು ಹೊಸದೆನಿಸದು.

ಮುಂದೆ ಬೂದಿಹಾಳದಲ್ಲಿ ಅಗೆದ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರ ತಂಡಕ್ಕೆ ದೊಡ್ಡಿಯ ಮಗ್ಗುಲಲ್ಲೇ ಮನೆಗಳು, ದನ ಕಡಿದು ಪಾಲು ಮಾಡಿದ ಜಾಗ ಸಿಕ್ಕವು. ಬೂದಿದಿಬ್ಬ ಕಾಡಿನ ನಡುವಿನ ಒಂಟಿ ದೊಡ್ಡಿಯಲ್ಲ, ಅದರ ಸುತ್ತ ಊರೇ ಇತ್ತೆಂಬುದು ಆಗ ಸ್ಪಷ್ಟವಾಯಿತು. ಹಟ್ಟಿ, ದೊಡ್ಡಿ, ತಿಪ್ಪೆಗಳ ಲೆಕ್ಕಾಚಾರ ಬಲ್ಲ ಹಳ್ಳಿಯ ಬದುಕಿನ ಪಕ್ಕದಲ್ಲಿಟ್ಟು ನೋಡದಿದ್ದರೆ ಈ ಮಣ್ಣು ಅರ್ಥವಾಗುವುದೇ ಇಲ್ಲ.

ಹಳ್ಳಿಯ ಬದುಕಿನಿಂದ ಇಷ್ಟು ಪಡೆದ ವಿದ್ವಾಂಸರು ಊರಿಗೆ ಮರಳಿಸಿದ್ದು ಕಡಿಮೆ ಎಂಬುದೇ ನನ್ನ ಬೇಸರ. ಉತ್ಖನನದ ವರದಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಉಳಿದವು. ಇತ್ತ ರೈತರು ಬೂದಿಯನ್ನು ಗೊಬ್ಬರವೆಂದು ಹೊಲಕ್ಕೆ ಸಾಗಿಸಿದರು. ಅದು ನಿಜಕ್ಕೂ ಗೊಬ್ಬರವೇ, ಅವರನ್ನು ದೂರುವಂತಿಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಗಾಯ ಇನ್ನೂ ಆಳ: ನವಶಿಲಾಯುಗದ ಜನ ಕೊಡಲಿ ಮಸೆದ, ಬಂಡೆಯ ಮೇಲೆ ಗೂಳಿಗಳನ್ನು ಕೊರೆದ ಬೆಟ್ಟಗಳನ್ನು ಕಲ್ಲುಗಣಿಗಾರಿಕೆ ತಿಂದಿದೆ. ಅಲ್ಲಿ ದುಡಿದ ಪುರಾತತ್ತ್ವಜ್ಞ ರವಿ ಕೋರಿಶೆಟ್ಟರ್ ಅವರ ಶ್ರಮದಿಂದ ಬಳ್ಳಾರಿಯಲ್ಲಿ ಫೂಟ್ ಹೆಸರಿನ ವಸ್ತುಸಂಗ್ರಹಾಲಯವೊಂದು ರೂಪುಗೊಂಡಿದೆ. ನೆಲದಿಂದ ಎದ್ದ ವಸ್ತುಗಳು ದೂರದ ಉಗ್ರಾಣ ಸೇರದೆ ಅಲ್ಲಿನ ಶಾಲಾಮಕ್ಕಳ ಕಣ್ಣಳತೆಯಲ್ಲಿವೆ.