ಲಿಂಕ್ ಮುಟ್ಟಿದರೆ ಯಾರು ಓಡಿ ಬರಬೇಕು?

ಮೇಲ್‌ನಲ್ಲೋ, ಕಂಪ್ಯೂಟರಿನ ಹುಡುಕಾಟದಲ್ಲೋ ಬಂದ ಲಿಂಕ್ ಒಂದನ್ನು ಮುಟ್ಟುತ್ತೀರಿ. ಬ್ರೌಸರ್ ತೆರೆದುಕೊಳ್ಳುತ್ತದೆ, ಆದರೆ ನೀವು ದಿನಾ ಬಳಸುವ ಬ್ರೌಸರ್ ಅದಲ್ಲ. ನಿಮ್ಮ ಪಾಸ್‌ವರ್ಡ್ ಅದರಲ್ಲಿಲ್ಲ, ಬುಕ್‌ಮಾರ್ಕ್ ಇಲ್ಲ, ಮತ್ತೆ ಮೊದಲಿಂದ ಲಾಗಿನ್ ಆಗಬೇಕು. 'ಅಯ್ಯೋ, ಇದನ್ನು ಬದಲಾಯಿಸಿದ್ದೆನಲ್ಲಾ' ಎಂದು ಸೆಟ್ಟಿಂಗ್ಸ್ ತೆರೆದು ನೋಡಿದರೆ ಅಲ್ಲಿ ನಿಮ್ಮ ಬ್ರೌಸರಿನ ಹೆಸರೇ ಇರುತ್ತದೆ. ಹಾಗಾದರೆ ಇದು ಬಂದಿದ್ದು ಎಲ್ಲಿಂದ?

ಇದಕ್ಕೆ ಉತ್ತರ ಹುಡುಕಲು ಸುಮಾರು ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲು ಡೀಫಾಲ್ಟ್ ಅಂದರೆ ಏನು ಅಂತ ನೋಡೋಣ. ಪ್ರತಿ ಕಂಪ್ಯೂಟರಿನಲ್ಲೂ ಫೋನಿನಲ್ಲೂ ಒಂದು ಪಟ್ಟಿ ಇರುತ್ತದೆ. ಹಾಡಿನ ಫೈಲ್ ಬಂದರೆ ಯಾರನ್ನು ಕರೆಯಬೇಕು, ಫೋಟೋ ಬಂದರೆ ಯಾರನ್ನು ಕರೆಯಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಎಂದು ಶುರುವಾಗುವ ವಿಳಾಸ ಬಂದರೆ ಯಾವ ಬ್ರೌಸರ್ ಎದ್ದು ಬರಬೇಕು ಎನ್ನುವುದೂ ಆ ಪಟ್ಟಿಯ ಒಂದು ಸಾಲು ಅಷ್ಟೇ. ಅಲ್ಲಿ ಬರೆದ ಹೆಸರೇ ಡೀಫಾಲ್ಟ್. ಇಷ್ಟೆಲ್ಲ ಜಗಳ ನಡೆದಿದ್ದು, ಕೋರ್ಟು ಕಚೇರಿ ಆಗಿದ್ದು ಆ ಒಂದು ಸಾಲಿಗಾಗಿ. ಅಲ್ಲಿರುವ ಹೆಸರನ್ನು ಹೆಚ್ಚಿನವರು ಬದಲಾಯಿಸುವುದೇ ಇಲ್ಲ ಎನ್ನುವುದು ಎಲ್ಲ ಕಂಪನಿಗಳಿಗೂ ಗೊತ್ತು.

1993ರಲ್ಲಿ ಮೊಸಾಯಿಕ್ ಬಂದಾಗ, 1994ರಲ್ಲಿ ನೆಟ್‌ಸ್ಕೇಪ್ ಬಂದಾಗ ಈ ಪ್ರಶ್ನೆಯೇ ಇರಲಿಲ್ಲ. ಬ್ರೌಸರ್ ಬೇಕಾದವರು ತಾವೇ ತಂದು ಹಾಕಿಕೊಳ್ಳುತ್ತಿದ್ದರು. 1995ರಲ್ಲಿ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಂತು, ವಿಂಡೋಸ್ 98ರ ಹೊತ್ತಿಗೆ ಅದು ವಿಂಡೋಸ್‌ನ ಒಳಗೇ ಬೆರೆತುಹೋಯಿತು. ಆಪಲ್ ಕೂಡ 1997ರ ಒಪ್ಪಂದದಂತೆ ಐದು ವರ್ಷ ಮ್ಯಾಕ್‌ನಲ್ಲಿ ಅದನ್ನೇ ಡೀಫಾಲ್ಟ್ ಮಾಡಿಕೊಂಡಿತ್ತು. 1998ರಲ್ಲಿ ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್ ಮೇಲೆ ಮೊಕದ್ದಮೆ ಹೂಡಿತು. 2000ದಲ್ಲಿ ಮೈಕ್ರೋಸಾಫ್ಟನ್ನು ಎರಡು ಹೋಳು ಮಾಡಿ ಎಂದು ಆದೇಶ ಬಂತು, 2001ರಲ್ಲಿ ಮೇಲಿನ ಕೋರ್ಟು ಆ ಆದೇಶವನ್ನು ರದ್ದು ಮಾಡಿತು, ಕೊನೆಗೆ ರಾಜಿಯಾಯಿತು. ಅಷ್ಟು ಹೊತ್ತಿಗೆ ನೆಟ್‌ಸ್ಕೇಪ್ ಸೋತು ಕೂತಿತ್ತು.

2004ರಲ್ಲಿ ಫೈರ್‌ಫಾಕ್ಸ್ ಬಂತು, 2008ರಲ್ಲಿ ಕ್ರೋಮ್ ಬಂತು. ಆಗ ಡೀಫಾಲ್ಟ್ ಬದಲಾಯಿಸುವುದು ತೀರಾ ಸುಲಭ. ಹೊಸ ಬ್ರೌಸರ್ ತೆರೆದ ಕೂಡಲೇ 'ನಾನು ನಿಮ್ಮ ಡೀಫಾಲ್ಟ್ ಅಲ್ಲ, ಆಗಲಾ?' ಎಂದು ಕೇಳುತ್ತಿತ್ತು. 'ಹೂಂ' ಅಂದರೆ ಮುಗಿಯಿತು. ಮ್ಯಾಕ್‌ನಲ್ಲಿ ಮಾತ್ರ ಒಂದು ತಮಾಷೆ ಇತ್ತು. ಅಲ್ಲಿ ಬಹಳ ವರ್ಷ ಡೀಫಾಲ್ಟ್ ಬ್ರೌಸರ್ ಆರಿಸುವ ಜಾಗ ಇದ್ದದ್ದು ಆಪಲ್‌ನ ಸ್ವಂತ ಬ್ರೌಸರ್ ಸಫಾರಿಯ ಒಳಗೆ. ಸಫಾರಿ ಬೇಡ ಎಂದು ಹೇಳಲು ಸಫಾರಿಯನ್ನೇ ತೆರೆಯಬೇಕಿತ್ತು.

ಸುಲಭ ಅಂದಮೇಲೆ ಅದರ ಲಾಭ ಪಡೆಯುವವರೂ ಬಂದರು. ನಾನೇ ಒಮ್ಮೆ ಜಿಪ್ ಫೈಲ್ ಬಿಚ್ಚಲು ಯಾವುದೋ ಉಚಿತ ಸಾಫ್ಟ್‌ವೇರ್ ಹಾಕಿಕೊಂಡೆ. ನೆಕ್ಸ್ಟ್, ನೆಕ್ಸ್ಟ್ ಒತ್ತಿದ್ದೇ ತಪ್ಪಾಯಿತು. ಮಾರನೆಯ ದಿನ ನೋಡಿದರೆ ಬ್ರೌಸರಿನ ತಲೆಯ ಮೇಲೆ ಎರಡು ಟೂಲ್‌ಬಾರ್ ಕೂತಿವೆ, ಹೋಮ್ ಪೇಜ್ ಬೇರೆ ಆಗಿದೆ, ಹುಡುಕಾಟ ಇನ್ನೆಲ್ಲಿಗೋ ಹೋಗುತ್ತಿದೆ. ಇಂಥ ಕಾಟ ಆಗ ಮನೆಮನೆಯಲ್ಲೂ ಇತ್ತು. ಈ ಸಂಗತಿ ನೆನಪಿರಲಿ, ಮುಂದೆ ಬಂದ ಬೀಗಕ್ಕೆಲ್ಲ ಕೊಟ್ಟ ಕಾರಣ ಇದೇ. ಕಾರಣ ಸುಳ್ಳೇನೂ ಅಲ್ಲ.

ನಡುವೆ ಯುರೋಪಿನಲ್ಲಿ ಒಂದು ಪ್ರಯೋಗ ನಡೆಯಿತು. 2007ರಲ್ಲಿ ಒಪೆರಾ ಎಂಬ ಬ್ರೌಸರ್ ಕಂಪನಿ ಕೊಟ್ಟ ದೂರಿನಿಂದ ಶುರುವಾಗಿ, 2010ರ ಮಾರ್ಚಿನಲ್ಲಿ ಅಲ್ಲಿನ ವಿಂಡೋಸ್ ಬಳಕೆದಾರರಿಗೆ ಆಯ್ಕೆಯ ಪರದೆ ಬಂತು. ಹನ್ನೆರಡು ಬ್ರೌಸರ್, ಮೊದಲ ನೋಟಕ್ಕೆ ಕಾಣುವುದು ಐದು. ಯಾರಿಗೂ ಪಕ್ಷಪಾತ ಆಗಬಾರದು ಅಂತ ಆ ಐದರ ಸಾಲನ್ನು ಪ್ರತಿ ಸಲವೂ ಕಲಸಿ ತೋರಿಸಬೇಕಿತ್ತು. ಕಲಸಲು ಬರೆದ ಕೆಲವೇ ಸಾಲಿನ ಕೋಡಿನಲ್ಲೇ ತಪ್ಪಿತ್ತು. ಐದರಲ್ಲಿ ಒಂದು ಸಲ ಕೊನೆಗೆ ಬರಬೇಕಾದ ಇಂಟರ್ನೆಟ್ ಎಕ್ಸ್‌ಪ್ಲೋರರ್, ಆ ಪುಟವನ್ನು ಅದರಲ್ಲೇ ತೆರೆದರೆ ಹೆಚ್ಚುಕಡಿಮೆ ಅರ್ಧದಷ್ಟು ಸಲ ಕೊನೆಗೆ ಬರುತ್ತಿತ್ತು! ಬೇರೆ ಬ್ರೌಸರಿನಲ್ಲಿ ತೆರೆದರೆ ಲೆಕ್ಕ ಇನ್ನೊಂದು ಥರ ತಪ್ಪುತ್ತಿತ್ತು. ಬೇಗನೇ ಸರಿಮಾಡಿದರು ಅನ್ನಿ. ಆಮೇಲೆ ವಿಂಡೋಸ್ 7ರ ಒಂದು ದೊಡ್ಡ ಅಪ್‌ಡೇಟ್ ಬಂದಾಗ ಈ ಪರದೆಯೇ ಮಾಯವಾಯಿತು. 2011ರ ಮೇನಿಂದ 2012ರ ಜುಲೈವರೆಗೆ ಸುಮಾರು 1.5 ಕೋಟಿ ಜನರಿಗೆ ಅದು ಕಾಣಲೇ ಇಲ್ಲ. ತಾಂತ್ರಿಕ ತಪ್ಪು ಎಂದು ಮೈಕ್ರೋಸಾಫ್ಟ್ ಒಪ್ಪಿಕೊಂಡಿತು, 2013ರಲ್ಲಿ 56.1 ಕೋಟಿ ಯೂರೋ ದಂಡ ಬಿತ್ತು. ಇನ್ನೊಂದು ಕಡೆಯಿಂದ ನೋಡಿದರೆ, ಆ ಪರದೆ ಇಷ್ಟು ದಿನ ಇಲ್ಲದಿದ್ದರೂ ತಕ್ಷಣ ಯಾರ ಗಮನಕ್ಕೂ ಬರಲಿಲ್ಲ. ನನಗೆ ದಂಡಕ್ಕಿಂತ ಅದೇ ದೊಡ್ಡ ಸುದ್ದಿ.

ಇನ್ನು ಅಸಲಿ ಕಥೆ. 2012ರ ವಿಂಡೋಸ್ 8ರಿಂದ ಹಳೆಯ 'ಹೂಂ' ಗುಂಡಿ ಕೆಲಸ ಮಾಡುವುದು ನಿಂತಿತು. ಡೀಫಾಲ್ಟ್ ಬರೆದಿಡುವ ಪಟ್ಟಿ ವಿಂಡೋಸ್‌ನ ರಿಜಿಸ್ಟ್ರಿಯಲ್ಲಿದೆ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತ), 'ಯೂಸರ್ ಚಾಯ್ಸ್' ಎಂಬ ಹೆಸರಿನಲ್ಲಿ. ಮೊದಲು ಅಲ್ಲಿ ಬ್ರೌಸರಿನ ಗುರುತು ಬರೆದರೆ ಸಾಕಾಗಿತ್ತು. ಈಗ ಅದರ ಪಕ್ಕದಲ್ಲಿ ಒಂದು ಹ್ಯಾಶ್ ಕೂಡ ಇರಬೇಕು. ನಿಮ್ಮ ಖಾತೆಯ ಗುರುತು, ಯಾವ ಬಗೆಯ ಲಿಂಕ್, ಯಾವ ಬ್ರೌಸರ್, ಬದಲಾಯಿಸಿದ ಹೊತ್ತು, ಜೊತೆಗೆ ಒಳಗೆ ಬಚ್ಚಿಟ್ಟ ಒಂದು ಸಾಲು. ಇಷ್ಟನ್ನೂ ಅರೆದು ತೆಗೆದ ಸಣ್ಣ ಮುದ್ರೆ ಅದು. ಮುದ್ರೆ ತಾಳೆಯಾಗದಿದ್ದರೆ ವಿಂಡೋಸ್ ನಿಮ್ಮ ಆಯ್ಕೆಯನ್ನು ಒಪ್ಪುವುದಿಲ್ಲ. 'ಡೀಫಾಲ್ಟ್ ರೀಸೆಟ್ ಆಗಿದೆ' ಎಂದು ಮೂಲೆಯಲ್ಲಿ ಒಂದು ಸಂದೇಶ ತೋರಿಸಿ ತನ್ನದನ್ನೇ ತಂದು ಕೂರಿಸುತ್ತದೆ. ಬೀಗ ಹಾಕಿದ್ದು ಕಳ್ಳನಿಗೆ ಅಂತ. ಹೊರಗೆ ನಿಂತವರಲ್ಲಿ ಮನೆಯವರೂ ಇದ್ದರು.

2015ರಲ್ಲಿ ವಿಂಡೋಸ್ 10 ಬಂದಮೇಲೆ ಬ್ರೌಸರ್‌ಗಳಿಗೆ ಉಳಿದದ್ದು ಒಂದೇ ಕೆಲಸ, ಸೆಟ್ಟಿಂಗ್ಸ್ ಪುಟ ತೆರೆದು ತೋರಿಸುವುದು. ಉಳಿದದ್ದು ನಿಮ್ಮ ಕೈಯಲ್ಲಿ. ಅಲ್ಲಿ ಹೋಗಿ ಬೇರೆ ಹೆಸರು ಆರಿಸಿದರೆ 'ಬದಲಾಯಿಸುವ ಮುಂಚೆ ಎಡ್ಜ್ (ಮೈಕ್ರೋಸಾಫ್ಟ್‌ನ ಹೊಸ ಬ್ರೌಸರ್) ಒಮ್ಮೆ ನೋಡಿ' ಎಂದು ದಾಕ್ಷಿಣ್ಯಕ್ಕೆ ಹಾಕುವ ಮಾತು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಆಗಿನ ಮುಖ್ಯಸ್ಥ ಕ್ರಿಸ್ ಬಿಯರ್ಡ್, ಸತ್ಯ ನಾಡೆಲ್ಲ ಅವರಿಗೆ ಬಹಿರಂಗ ಪತ್ರ ಬರೆದು ಜನರ ಆಯ್ಕೆ ಅವರ ಕೈ ತಪ್ಪುತ್ತಿದೆ ಎಂದು ಆಕ್ಷೇಪಿಸಿದರು. ಪತ್ರದಿಂದ ಹೆಚ್ಚೇನೂ ಬದಲಾಗಲಿಲ್ಲ.

2021ರಲ್ಲಿ ಚಾಪೆ–ರಂಗೋಲಿ ಆಟ ಶುರುವಾಯಿತು. ವಿಂಡೋಸ್ 11ರ ಮೊದಲ ರೂಪದಲ್ಲಿ ಡೀಫಾಲ್ಟ್ ಬ್ರೌಸರ್ ಎಂಬ ಒಂದು ಆಯ್ಕೆಯೇ ಇರಲಿಲ್ಲ. ಬ್ರೌಸರ್ ಹೆಸರು ಒತ್ತಿದರೆ ಉದ್ದದ ಪಟ್ಟಿ ಬರುತ್ತಿತ್ತು: ಎಚ್‌ಟಿಎಂ, ಎಚ್‌ಟಿಎಂಎಲ್, ಪಿಡಿಎಫ್, ಎಸ್‌ವಿಜಿ, ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್... ಒಂದೊಂದನ್ನೂ ಮುಟ್ಟಿ, ಒಂದೊಂದಕ್ಕೂ ಹೊಸ ಹೆಸರು ಆರಿಸಬೇಕು. ಎಕ್ಸ್‌ಎಚ್‌ಟಿ ಅನ್ನೋ ಫೈಲನ್ನು ನೀವು ಯಾವತ್ತಾದರೂ ಕಂಡಿದ್ದೀರಾ? ಅದಕ್ಕೂ ಒಂದು ಸಾಲು ಇತ್ತು. ಅದೇ ವರ್ಷ ಫೈರ್‌ಫಾಕ್ಸ್ ಆ ಹ್ಯಾಶ್ ಲೆಕ್ಕವನ್ನು ಹಿಂದುಮುಂದಾಗಿ ಬಿಡಿಸಿ, ಮತ್ತೆ ಒಂದೇ ಕ್ಲಿಕ್ಕಿಗೆ ಡೀಫಾಲ್ಟ್ ಆಗುವುದನ್ನು ಕಲಿಯಿತು.

ಮೊದಲ ಪ್ಯಾರಾದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಸ್ಟಾರ್ಟ್ ಮೆನುವಿನ ಹುಡುಕಾಟದಿಂದ, ವಿಜೆಟ್ ಎಂಬ ಪುಟ್ಟ ಫಲಕದ ಸುದ್ದಿಯಿಂದ ಬರುವ ಲಿಂಕು ಎಚ್‌ಟಿಟಿಪಿಎಸ್ ಎಂದು ಶುರುವಾಗುವುದೇ ಇಲ್ಲ. ಅದರ ಮುಂದೆ 'ಮೈಕ್ರೋಸಾಫ್ಟ್-ಎಡ್ಜ್' ಎಂಬ ಬೇರೆಯದೇ ಗುರುತು ಇರುತ್ತದೆ. ನೀವು ಬದಲಾಯಿಸಿದ್ದು ಎಚ್‌ಟಿಟಿಪಿಎಸ್ ಸಾಲನ್ನು. ಈ ಗುರುತಿನ ಸಾಲು ನಿಮ್ಮ ಕೈಗೆ ಸಿಗುವುದೇ ಇಲ್ಲ. ಅಂಥ ಲಿಂಕನ್ನು ಹಿಡಿದು ಸಾಮಾನ್ಯ ಲಿಂಕ್ ಮಾಡಿ ನಿಮ್ಮ ಬ್ರೌಸರಿಗೇ ಕೊಡುವ ಎಡ್ಜ್‌ಡಿಫ್ಲೆಕ್ಟರ್ ಎಂಬ ಪುಟ್ಟ ಉಪಕರಣ ಇತ್ತು. 2021ರ ಕೊನೆಗೆ ಆ ದಾರಿಯೂ ಮುಚ್ಚಿತು.

2022ರ ಮಾರ್ಚಿನ ಅಪ್‌ಡೇಟ್‌ನಲ್ಲಿ, ಸದ್ದಿಲ್ಲದೆ, ಸೆಟ್ಟಿಂಗ್ಸ್ ಪುಟದ ಮೇಲ್ಗಡೆ 'ಸೆಟ್ ಡೀಫಾಲ್ಟ್' ಎಂಬ ಒಂದು ಗುಂಡಿ ಬಂತು. ಈಗಲೂ ಕಂಪ್ಯೂಟರಿನಲ್ಲಿ ಬದಲಾಯಿಸಲು ಹೊರಟವರು ಹುಡುಕಬೇಕಾದ್ದು ಆ ಗುಂಡಿಯನ್ನೇ: ಸೆಟ್ಟಿಂಗ್ಸ್, ಆ್ಯಪ್ಸ್, ಡೀಫಾಲ್ಟ್ ಆ್ಯಪ್ಸ್, ನಿಮ್ಮ ಬ್ರೌಸರಿನ ಹೆಸರು, ಗುಂಡಿ. ಪಿಡಿಎಫ್ ಇದರ ಜೊತೆ ಬರುವುದಿಲ್ಲ, ಅದನ್ನು ಬೇರೆಯೇ ಬದಲಾಯಿಸಬೇಕು. ಮ್ಯಾಕ್‌ನ ಈಗಿನ ಆವೃತ್ತಿಗಳಲ್ಲಿ ಬ್ರೌಸರ್ ಆರಿಸುವ ಜಾಗ 'ಡೆಸ್ಕ್‌ಟಾಪ್ ಅಂಡ್ ಡಾಕ್' ಎಂಬ ಪುಟದೊಳಗೆ ಅಡಗಿದೆ. ಅಲ್ಲಿ ಯಾಕಿದೆ ಅಂತ ನನ್ನನ್ನು ಕೇಳಬೇಡಿ.

ಫೋನಿನ ಕಥೆ ಬೇರೆ. ಆಂಡ್ರಾಯ್ಡ್ ಶುರುವಿನಿಂದಲೂ ಈ ವಿಷಯದಲ್ಲಿ ಧಾರಾಳಿ, 'ಈ ಸಲ ಮಾತ್ರ' ಅಥವಾ 'ಯಾವಾಗಲೂ' ಎಂದು ಕೇಳುತ್ತಿತ್ತು. ಅಲ್ಲಿನ ತಕರಾರು ಫೋನಿನ ಜೊತೆಗೇ ಏನು ಬರುತ್ತದೆ ಎನ್ನುವುದು. ಅದಕ್ಕಾಗಿ 2018ರಲ್ಲಿ ಗೂಗಲ್‌ಗೆ ಯುರೋಪಿನಲ್ಲಿ 434 ಕೋಟಿ ಯೂರೋ ದಂಡ ಬಿತ್ತು, ಆಮೇಲೆ ಕೋರ್ಟು ಅದನ್ನು ಸ್ವಲ್ಪ ಇಳಿಸಿತು. ಐಫೋನಿನಲ್ಲಿ 2007ರಿಂದ 2020ರವರೆಗೆ ಡೀಫಾಲ್ಟ್ ಬದಲಾಯಿಸುವ ದಾರಿಯೇ ಇರಲಿಲ್ಲ. ಐಫೋನಿನ ಕಾರ್ಯವ್ಯವಸ್ಥೆ ಐಓಎಸ್‌ನ 14ನೇ ಆವೃತ್ತಿಯಲ್ಲಿ ದಾರಿ ಬಂತು, ಆದರೆ ಫೋನ್ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸಫಾರಿಯೇ! ಅದೊಂದು ಬಗ್, ಕೆಲವೇ ದಿನದಲ್ಲಿ 14.0.1ರಲ್ಲಿ ಸರಿಹೋಯಿತು. ಬೇರೆ ಹೆಸರಿನ ಬ್ರೌಸರ್ ಹಾಕಿಕೊಂಡರೂ ಅಲ್ಲಿ ಪುಟವನ್ನು ಓದಿ ತೋರಿಸುವ ಒಳಗಿನ ಎಂಜಿನ್ ಮಾತ್ರ ಆಪಲ್‌ನ ವೆಬ್‌ಕಿಟ್ಟೇ ಇರಬೇಕು. ಬೇರೆ ಎಂಜಿನ್‌ಗೆ ಅವಕಾಶ ಮೊದಲು ಸಿಕ್ಕಿದ್ದು ಯುರೋಪಿನಲ್ಲಿ, 2024ರಲ್ಲಿ.

ಪ್ರಶ್ನೆಯ ಉಳಿದರ್ಧ ಉತ್ತರ ಫೋನಿನಲ್ಲಿದೆ. ಎಷ್ಟೋ ಆ್ಯಪ್‌ಗಳು ತಮ್ಮೊಳಗೇ ಒಂದು ಪುಟ್ಟ ಬ್ರೌಸರ್ ಇಟ್ಟುಕೊಂಡಿರುತ್ತವೆ. ಅಲ್ಲಿ ಲಿಂಕ್ ಮುಟ್ಟಿದರೆ ಆ ಪಟ್ಟಿಯ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಮೂಲೆಯ ಮೂರು ಚುಕ್ಕಿ ಒತ್ತಿ 'ಬ್ರೌಸರಿನಲ್ಲಿ ತೆರೆಯಿರಿ' ಅಂದಾಗಲೇ ನಿಮ್ಮ ಡೀಫಾಲ್ಟ್‌ಗೆ ಸರದಿ ಬರುವುದು. ಕೆಲವು ಆ್ಯಪ್‌ಗಳ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಕಾಯಂ ಮಾಡುವ ಸ್ವಿಚ್ ಇದೆ, ಎಲ್ಲದರಲ್ಲೂ ಇಲ್ಲ.

ಇಷ್ಟಕ್ಕೂ ಈ ಒಂದು ಸಾಲಿನ ಬೆಲೆ ಎಷ್ಟು? ಸಫಾರಿಯಲ್ಲಿ ಹುಡುಕಾಟಕ್ಕೆ ತನ್ನದೇ ಡೀಫಾಲ್ಟ್ ಆಗಿರಲಿ ಎಂದು ಗೂಗಲ್ 2022ರ ಒಂದೇ ವರ್ಷ ಆಪಲ್‌ಗೆ ಕೊಟ್ಟದ್ದು 2,000 ಕೋಟಿ ಡಾಲರ್. ಅಮೆರಿಕದ ಕೋರ್ಟಿನಲ್ಲಿ ಹೊರಬಿದ್ದ ಲೆಕ್ಕ ಇದು. ಅದು ಬ್ರೌಸರಿನ ಒಳಗಿನ ಹುಡುಕಾಟದ ಮಾತು ನಿಜ, ಆದರೆ ಬ್ರೌಸರ್ ಯಾರದು ಎಂಬುದಕ್ಕೆ ಇಷ್ಟು ಪೈಪೋಟಿ ಯಾಕೆ ಅನ್ನುವುದು ಅದರಿಂದ ಗೊತ್ತಾಗುತ್ತದೆ.

2024ರ ಮಾರ್ಚಿನಿಂದ ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯ್ದೆ ದೊಡ್ಡ ಕಂಪನಿಗಳಿಗೆ ಅನ್ವಯಿಸಿತು. ಐಫೋನಿನಲ್ಲಿ ಸಫಾರಿ ತೆರೆದರೆ ಮತ್ತೆ ಆಯ್ಕೆಯ ಪರದೆ, ಹನ್ನೊಂದು ಹನ್ನೆರಡು ಹೆಸರು, ಕಲಸಿದ ಸಾಲು. ವಿಂಡೋಸ್‌ನಲ್ಲೂ ಅಲ್ಲಿನವರಿಗೆ ಹುಡುಕಾಟದ, ವಿಜೆಟ್‌ನ ಲಿಂಕುಗಳು ಅವರು ಆರಿಸಿದ ಬ್ರೌಸರಿಗೇ ಹೋಗುವ ಏರ್ಪಾಡಾಯಿತು. ಅದೇ ಹೊತ್ತಿಗೆ ಯೂಸರ್ ಚಾಯ್ಸ್ ಸಾಲುಗಳನ್ನು ಬೇರೆ ಸಾಫ್ಟ್‌ವೇರ್ ಮುಟ್ಟದಂತೆ ತಡೆಯುವ ಒಂದು ಡ್ರೈವರ್ (ವಿಂಡೋಸ್‌ನ ಆಳದಲ್ಲಿ ಓಡುವ ಪುಟ್ಟ ಪ್ರೋಗ್ರಾಂ) ಕೂಡ ವಿಂಡೋಸ್‌ಗೆ ಬಂತು.

ಅದೇ ವಿಂಡೋಸ್, ಅದೇ ಕಂಪ್ಯೂಟರ್, ಅದೇ ಲಿಂಕ್. ಒಂದು ಕಡೆ ನೀವು ಆರಿಸಿದ ಬ್ರೌಸರ್ ಬರುತ್ತದೆ, ಇನ್ನೊಂದು ಕಡೆ ಎಡ್ಜ್. ನೀವು ಯಾವ ಕಡೆಯವರು ಎನ್ನುವುದು ತೀರ್ಮಾನವಾಗುವುದು ಕಂಪ್ಯೂಟರನ್ನು ಮೊದಲ ಸಲ ಆನ್ ಮಾಡಿದಾಗ, ದೇಶ ಆರಿಸಿ ಎಂದು ಕೇಳುವ ಪುಟದಲ್ಲಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ದೇಶ ಬದಲಾಯಿಸಿದರೂ ಇದು ಬದಲಾಗುವುದಿಲ್ಲ. ಪೂರ್ತಿ ಅಳಿಸಿ ಹೊಸದಾಗಿ ಶುರುಮಾಡಬೇಕು.