ಭಯಪಡುವ ಮಗುವಿಗೆ ವಿಶ್ವಾಸ ಕಡಿಮೆ ಅನ್ನಬೇಡಿ

"ನಂಗೆ ಭಯ ಆಗುತ್ತೆ. ಹಾಗಂದ್ರೆ ನಂಗೆ ದೇವರ ಮೇಲೆ ನಂಬಿಕೆ ಇಲ್ಲ ಅಂತ ತಾನೇ?"

ಮುಂಬೈಯ ಉಪನಗರದಲ್ಲಿ ನಾನು ಹದಿಹರೆಯದವರ ಆಪ್ತಸಮಾಲೋಚಕಿ. ಕ್ರೈಸ್ತ ಮನೆಗಳಿಂದ ಬರುವ ಮಕ್ಕಳ ಬಾಯಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ಇವರ ಹೆತ್ತವರು ಮಂಗಳೂರು, ಉಡುಪಿ, ಹುಬ್ಬಳ್ಳಿ, ಬೀದರ್ ಕಡೆಯಿಂದ ಬಂದು ಅಂಧೇರಿ, ಮೀರಾ ರೋಡ್, ವಸಾಯಿಯಲ್ಲಿ ನೆಲೆಸಿದವರು. ಮಕ್ಕಳು ಮನೆಯಲ್ಲಿ ಕನ್ನಡ, ತುಳು ಅಥವಾ ಕೊಂಕಣಿ ಆಡುತ್ತಾರೆ, ಲೋಕಲ್ ಟ್ರೇನಿನಲ್ಲಿ ಹಿಂದಿ. ರಾತ್ರಿ ಕುಟುಂಬ ಪ್ರಾರ್ಥನೆ, ಭಾನುವಾರ ಸಂಡೇ ಸ್ಕೂಲು ಅಥವಾ ಕ್ಯಾಟೆಕಿಸಂ. ಇದರ ನಡುವೆ ಹತ್ತನೆಯ ಕ್ಲಾಸಿನ ಬೋರ್ಡ್ ಪರೀಕ್ಷೆ, ಹನ್ನೊಂದರ ಅಡ್ಮಿಷನ್, ಕೋಚಿಂಗ್, ಫೋನು. (ಇಲ್ಲಿ ಬರುವ ಮಕ್ಕಳ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಜಗತ್ತಿನಲ್ಲಿ 10ರಿಂದ 19 ವಯಸ್ಸಿನ ಪ್ರತಿ 7 ಮಕ್ಕಳಲ್ಲಿ ಒಬ್ಬರಿಗೆ ಯಾವುದಾದರೂ ಮಾನಸಿಕ ತೊಂದರೆ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚರ್ಚಿಗೆ ಹೋಗುವ ಮಕ್ಕಳು ಇದರಿಂದ ಹೊರಗಿಲ್ಲ. ಆದರೆ ಅವರ ಮೇಲೆ ಇನ್ನೊಂದು ಭಾರ ಜಾಸ್ತಿ ಇರುತ್ತದೆ. ಮೊದಲು ಪರೀಕ್ಷೆಯ ಭಯ. ಆಮೇಲೆ, ಭಯಪಟ್ಟೆನಲ್ಲ ಅನ್ನುವ ಅಪರಾಧ ಭಾವ. ಈ ಎರಡನೆಯದನ್ನು ಹೊರಿಸುವವರು ನಾವು ದೊಡ್ಡವರೇ. "ಚಿಂತೆ ಮಾಡೋದು ಪಾಪ, ಪ್ರಾರ್ಥನೆ ಮಾಡು" ಅಂದುಬಿಡುತ್ತೇವೆ. ಮಗು ಪ್ರಾರ್ಥಿಸುತ್ತದೆ. ಭಯ ಹೋಗುವುದಿಲ್ಲ. ಆಗ ದೇವರೂ ನನ್ನ ಕೈಬಿಟ್ಟ ಅನ್ನುವ ತೀರ್ಮಾನಕ್ಕೆ ಬರುತ್ತದೆ.

ನಾನು ಮೊದಲು ಇಳಿಸುವುದು ಈ ಎರಡನೆಯ ಭಾರವನ್ನು. ಅದಕ್ಕೆ ಸತ್ಯವೇದವನ್ನೇ, ಅಂದರೆ ಬೈಬಲನ್ನೇ, ತೆರೆಯುತ್ತೇನೆ. "ಯಾವುದಕ್ಕೂ ಚಿಂತೆ ಮಾಡಬೇಡಿ" ಎಂದು ಫಿಲಿಪ್ಪಿ ಊರಿನ ಸಭೆಯವರಿಗೆ ಸೆರೆಯಿಂದ ಬರೆದ ಅಪೊಸ್ತಲ ಪೌಲನೇ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ತನ್ನ ಕಷ್ಟಗಳನ್ನು ಹೇಳಿಕೊಳ್ಳುತ್ತಾನೆ. ಏಟು ತಿಂದದ್ದು, ಹಡಗು ಒಡೆದದ್ದು, ಹಸಿದದ್ದು. ಇವೆಲ್ಲ ಆದ ಮೇಲೆ, ಎಲ್ಲ ಸಭೆಗಳ ಚಿಂತೆ ದಿನಾಲೂ ನನ್ನ ಮೇಲಿದೆ ಅನ್ನುತ್ತಾನೆ. ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ತನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ ಎಂದು ಶಿಷ್ಯರಿಗೆ ಬಾಯಿಬಿಟ್ಟು ಹೇಳಿದರು. ನನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿಕೊಂಡರು. ಇದನ್ನು ಓದಿದಾಗ ಮಕ್ಕಳ ಮುಖ ಸಡಿಲವಾಗುವುದನ್ನು ನಾನು ಕಂಡಿದ್ದೇನೆ. ಇಷ್ಟು ದಿನ ಇದನ್ನು ಯಾರೂ ತೋರಿಸಲಿಲ್ಲವಲ್ಲ ಎಂದು ಕೇಳುತ್ತಾರೆ.

ನಾನು ಜಾಸ್ತಿ ಹೊತ್ತು ಕಳೆಯುವುದು ಎಲೀಯನ ಕಥೆಯ ಮೇಲೆ. ಒಂದನೆಯ ಅರಸುಗಳು, 19ನೆಯ ಅಧ್ಯಾಯ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಗೆಲುವು ಕಂಡ ಪ್ರವಾದಿ ರಾಣಿಯ ಒಂದು ಬೆದರಿಕೆಗೆ ಓಡಿಹೋಗುತ್ತಾನೆ. ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಅನ್ನುತ್ತಾನೆ. ದೇವರು ಬೈಯುವುದಿಲ್ಲ. ಉಪದೇಶವನ್ನೂ ಮಾಡುವುದಿಲ್ಲ. ಅವನು ನಿದ್ದೆ ಹೋಗುತ್ತಾನೆ, ದೂತನು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ಮತ್ತೆ ಮಲಗುತ್ತಾನೆ, ಮತ್ತೆ ಊಟ. ಮಾತು ಶುರುವಾಗುವುದು ಅದೆಲ್ಲ ಆದ ಮೇಲೆ.

ಈ ಕ್ರಮ ನನಗೆ ಬಹಳ ಮುಖ್ಯ. ಬೆಳಗ್ಗೆ ಬೇಗ ಎದ್ದು ಕ್ಲಾಸಿಗೆ ಹೋಗಿ, ರಾತ್ರಿ ಕೋಚಿಂಗ್ ಮುಗಿಸಿ, ಆಮೇಲೆ ನಡುರಾತ್ರಿವರೆಗೆ ಫೋನು ನೋಡುವ ಹುಡುಗನಿಗೆ ವಚನ ಕಂಠಪಾಠ ಮಾಡಿಸುವ ಮೊದಲು ನಿದ್ದೆ ಬೇಕು. ಅವನ ಮೆದುಳು ಇನ್ನೂ ಬೆಳೆಯುತ್ತಿದೆ. ಯೋಚಿಸಿ ತಡೆಯುವ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿನಲ್ಲಿ. ಅಪಾಯ ಅಂತ ಕೂಗುವ ಭಾಗ ಮಾತ್ರ ಈಗಲೇ ಜೋರಾಗಿ ಕೆಲಸ ಮಾಡುತ್ತದೆ. ನಿದ್ದೆ ಕೆಟ್ಟರೆ ಅದು ಇನ್ನೂ ಜೋರು.

ಎದೆ ಹೊಡೆದುಕೊಳ್ಳುವಾಗ ಉಸಿರಿನ ಜೊತೆ ಮಾಡುವ ಒಂದು ಪುಟ್ಟ ಪ್ರಾರ್ಥನೆಯನ್ನು ಕಲಿಸುತ್ತೇನೆ. ಉಸಿರು ಒಳಗೆ ತೆಗೆದುಕೊಳ್ಳುತ್ತಾ ಮನಸ್ಸಿನಲ್ಲೇ "ಕರ್ತನೇ" ಅನ್ನುವುದು. ನಿಧಾನವಾಗಿ, ಉದ್ದವಾಗಿ ಬಿಡುತ್ತಾ "ನೀನು ನನ್ನ ಸಂಗಡ ಇದ್ದೀ." ಇದು ಬೈಬಲಿನ 23ನೆಯ ಕೀರ್ತನೆಯ ಮಾತು. ಉಸಿರು ಬಿಡುವುದು ಉದ್ದವಾದಾಗ ಹೃದಯದ ಬಡಿತ ತಾನಾಗಿ ನಿಧಾನವಾಗುತ್ತದೆ, ದೇಹ ಇರುವುದೇ ಹಾಗೆ. ವಿರಾರ್ ಲೋಕಲ್‌ನ ನೂಕುನುಗ್ಗಲಲ್ಲೂ ಇದನ್ನು ಮಾಡಬಹುದು, ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ.

ಮತ್ತೆ ಎಲೀಯನ ಹತ್ತಿರ ಬರೋಣ. ಉಂಡು, ಮಲಗಿ, ಹೋರೇಬ್ ಬೆಟ್ಟ ತಲುಪಿದ ಮೇಲೂ ಅವನ ಬಾಯಲ್ಲಿ ಒಂದೇ ಮಾತು: ನಾನೊಬ್ಬನೇ ಉಳಿದಿದ್ದೇನೆ. ಎರಡು ಸಲ ಅದನ್ನೇ ಹೇಳುತ್ತಾನೆ. ನನ್ನ ಮುಂದೆ ಕೂತ ಮಕ್ಕಳೂ ಹೀಗೇ ಅಲ್ವಾ? "ನಂಗೆ ಯಾರೂ ಇಲ್ಲ." "ಮ್ಯಾಥ್ಸ್‌ನಲ್ಲಿ 62 ಬಂತು, ನನ್ನ ಲೈಫ್ ಮುಗೀತು." ದೇವರು ಎಲೀಯನಿಗೆ ಒಂದು ಲೆಕ್ಕ ಕೊಡುತ್ತಾನೆ. ಬಾಳನೆಂಬ ಅನ್ಯದೇವತೆಗೆ ಮೊಣಕಾಲು ಊರದ 7,000 ಜನ ಇಸ್ರಾಯೇಲಿನಲ್ಲಿ ಇದ್ದಾರೆ. ಜೊತೆಗೆ ಮುಂದಿನ ಕೆಲಸ ಹೇಳುತ್ತಾನೆ, ಎಲೀಷನನ್ನು ಸಂಗಾತಿಯಾಗಿ ಕೊಡುತ್ತಾನೆ.

1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಚಿಕಿತ್ಸೆಯಲ್ಲಿ ನಾವು ಮಾಡುವುದೂ ಇದಕ್ಕೆ ಹತ್ತಿರದ್ದೇ. ಮನಸ್ಸಿಗೆ ತಟ್ಟನೆ ಬಂದ ಯೋಚನೆಯನ್ನು ಬರೆದುಕೊಳ್ಳುವುದು. ಅದಕ್ಕೆ ಸಾಕ್ಷ್ಯ ಏನಿದೆ, ವಿರುದ್ಧ ಏನಿದೆ ಎಂದು ನೋಡುವುದು. ಆಮೇಲೆ ನಿಜಕ್ಕೆ ಹತ್ತಿರವಾದ ಮಾತೊಂದನ್ನು ಬರೆಯುವುದು. "62 ಬಂತು. ಬೀಜಗಣಿತ ಬರುತ್ತೆ, ಜ್ಯಾಮಿತಿ ಕಷ್ಟ. ಟೀಚರ್ ಹತ್ತಿರ ಸೋಮವಾರ ಕೇಳ್ತೀನಿ." ಅಷ್ಟೇ ಸಾಕು. "ನಾನು ಟಾಪರ್ ಆಗೇ ಆಗ್ತೀನಿ" ಅಂತ ಬರೆದರೆ ಅದನ್ನು ಮಗುವಿನ ಮನಸ್ಸೇ ನಂಬುವುದಿಲ್ಲ. ಯಾವುದನ್ನು ಯೋಚಿಸಬೇಕು ಎಂದು ಪೌಲನು ಫಿಲಿಪ್ಪಿಯವರಿಗೆ ಕೊಟ್ಟ ಪಟ್ಟಿಯಲ್ಲಿ ಮೊಟ್ಟಮೊದಲು ಬರುವುದು ಸತ್ಯವಾದದ್ದು. ಹಿತವಾದದ್ದು ಅದಕ್ಕಿಂತ ಮುಂದೆ ಬರುವುದಿಲ್ಲ.

ಅದಕ್ಕೇ ಪರೀಕ್ಷೆಯ ಹಿಂದಿನ ದಿನ ಹಂಚುವ ವಚನದ ಕಾರ್ಡುಗಳ ಬಗ್ಗೆ ನನಗೆ ಕಳವಳ. ದೇವರಲ್ಲಿ ನಿಮಗೆ ಒಳ್ಳೆಯ ಭವಿಷ್ಯವಿದೆ ಅನ್ನುವ ಯೆರೆಮೀಯ 29:11 ಎಷ್ಟು ಮಕ್ಕಳ ಕಂಪಾಸ್ ಬಾಕ್ಸಿನಲ್ಲಿದೆ! ಅದರ ಹಿಂದಿನ ವಚನವನ್ನೂ ಓದಿಸಿ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ. 70 ವರ್ಷ ಕಾಯಬೇಕು ಎಂದು ಅಲ್ಲಿದೆ. ಬಯಸಿದ ಕಾಲೇಜಿನಲ್ಲಿ ಸೀಟು ಸಿಗದ ಹುಡುಗಿಗೆ ನಿಜಕ್ಕೂ ಆಸರೆಯಾಗುವುದು ಈ ಪೂರ್ತಿ ಪತ್ರ. ಬರೀ ಕಾರ್ಡು ಹಿಡಿದವಳಿಗೆ ದೇವರು ಮಾತು ತಪ್ಪಿದ ಹಾಗೆ ಅನಿಸುತ್ತದೆ.

ಕೀರ್ತನೆಗಳನ್ನೂ ಮಕ್ಕಳಿಗೆ ಪೂರ್ತಿ ಕೊಡಬೇಕು. 13ನೆಯದರಲ್ಲಿ ಕೀರ್ತನೆಗಾರ "ಎಷ್ಟರವರೆಗೆ" ಎಂದು ದೇವರನ್ನು ನಾಲ್ಕು ಸಲ ಕೇಳುತ್ತಾನೆ. 88ನೆಯದು ಸಮಾಧಾನಕ್ಕೆ ಬರದೆ ಕತ್ತಲಲ್ಲೇ ಮುಗಿಯುತ್ತದೆ. ಮಾಹಿಮ್‌ನ ಸಂತ ಮೈಕೆಲ್ ಚರ್ಚಿನಲ್ಲಿ ಬುಧವಾರದ ನೊವೇನಾ ಎಂಬ ವಿಶೇಷ ಪ್ರಾರ್ಥನೆಗೆ ಬರುವ ಜನ ತಮ್ಮ ಬೇಡಿಕೆಯನ್ನು ಪತ್ರದಲ್ಲಿ ಬರೆದು ಕೊಡುತ್ತಾರೆ. ಅಜ್ಜಿಯ ಜೊತೆ ಅಲ್ಲಿಗೆ ಹೋಗುತ್ತಿದ್ದ ಒಬ್ಬ ಹುಡುಗನಿಗೆ, ನೀನೂ ದೇವರಿಗೆ ಒಂದು ಪತ್ರ ಬರಿ, ಸಿಟ್ಟಿದ್ದರೆ ಸಿಟ್ಟನ್ನೇ ಬರಿ ಅಂದೆ. ನಾಲ್ಕು ಪುಟ ಬರೆದ. ತಲೆಯೊಳಗೆ ಗಿರಕಿ ಹೊಡೆಯುತ್ತಿದ್ದದ್ದು ಕಾಗದದ ಮೇಲೆ ಬಂದಾಗ ಅದಕ್ಕೆ ಒಂದು ಮೊದಲು, ಒಂದು ಕೊನೆ ಸಿಗುತ್ತದೆ.

ಆದರೆ ಕೆಲವು ಮಕ್ಕಳಲ್ಲಿ ಪ್ರಾರ್ಥನೆಯೇ ಚಿಂತೆಯ ಭಾಗವಾಗಿಬಿಡುತ್ತದೆ. ಇದನ್ನು ಮನೆಯವರು ಗುರುತಿಸುವುದು ತೀರಾ ತಡವಾಗಿ. ಮಗು ಭಕ್ತಿಯಿಂದಿದೆ ಅಂತ ಖುಷಿಪಡುತ್ತಾರೆ. ಒಬ್ಬ ಹುಡುಗಿ ಮಲಗುವ ಮೊದಲು ಒಂದೇ ಪ್ರಾರ್ಥನೆಯನ್ನು ಮೊದಲಿನಿಂದ ಮತ್ತೆ ಮತ್ತೆ ಹೇಳುತ್ತಿದ್ದಳು. ಒಂದು ಪದ ತಪ್ಪಿದರೂ ಅಪ್ಪನಿಗೆ ಏನೋ ಆಗುತ್ತದೆ ಅನ್ನುವ ಭಯ. ಆರಾಧನೆಯ ನಡುವೆ ದೇವರ ಬಗ್ಗೆ ಕೆಟ್ಟ ಮಾತು ತಲೆಗೆ ನುಗ್ಗುತ್ತದೆ, ಕ್ಷಮೆಯೇ ಇಲ್ಲದ ಪಾಪ ನನ್ನಿಂದ ಆಗಿದೆ ಎಂದು ಅಳುವವರೂ ಇದ್ದಾರೆ. ಇದು ಗೀಳಿನ ಒಂದು ರೂಪ. ದೊಡ್ಡ ಭಕ್ತರನ್ನೂ ಇದು ಬಿಟ್ಟಿಲ್ಲ. ಸನ್ಯಾಸಿಯಾಗಿದ್ದಾಗ ಮಾರ್ಟಿನ್ ಲೂಥರ್ ಪಾಪನಿವೇದನೆಗೆ ಗಂಟೆಗಟ್ಟಲೆ ಕೂರುತ್ತಿದ್ದರು. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇಗ್ನೇಷಿಯಸ್ ಲೊಯೋಲಾ ಅದೇ ಹಳೆಯ ಪಾಪಗಳನ್ನು ಮತ್ತೆ ಮತ್ತೆ ನಿವೇದಿಸಿ ನರಳಿದರು. ಇಂಥ ಮಗುವಿಗೆ "ಇನ್ನೂ ಜಾಸ್ತಿ ಪ್ರಾರ್ಥಿಸು" ಅಂದರೆ ಗೀಳು ಬೆಳೆಯುತ್ತದೆ. ಪದೇ ಪದೇ "ಏನೂ ಆಗಲ್ಲ ಮಗಾ" ಎಂದು ಭರವಸೆ ಕೊಟ್ಟರೂ ಹಾಗೇ. ಇದಕ್ಕೆ ತರಬೇತಿ ಪಡೆದವರ ಚಿಕಿತ್ಸೆ ಇದೆ, ಬೇಕಾದರೆ ಔಷಧಿ ಇದೆ. ಪಾಸ್ಟರ್ ಅಥವಾ ಫಾದರ್ ಸಹಕರಿಸಿದರೆ ಕೆಲಸ ಹಗುರ. ಪ್ರಾರ್ಥನೆ ಒಂದೇ ಸಲ ಸಾಕು, ಪದ ತಪ್ಪಿದರೂ ದೇವರಿಗೆ ಅರ್ಥವಾಗುತ್ತದೆ ಎಂದು ಅವರು ಹೇಳಿದರೆ ಮಗು ಆ ಅಭ್ಯಾಸವನ್ನು ಧೈರ್ಯವಾಗಿ ಬಿಡಲು ನೋಡುತ್ತದೆ.

ಔಷಧಿ ಅಂದಕೂಡಲೇ ಕೆಲವು ಮನೆಗಳಲ್ಲಿ ಮೌನ. ಮಾತ್ರೆ ತಗೊಂಡರೆ ವಿಶ್ವಾಸ ಬಿಟ್ಟ ಹಾಗೆ ಎಂದು. ನಮ್ಮ ಊರಿನ ಸಭೆಗಳು ಹಾಗೆ ನಂಬಿದ್ದರೆ ಆಸ್ಪತ್ರೆ ಕಟ್ಟುತ್ತಿರಲಿಲ್ಲ. ಫಾದರ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಶುರುಮಾಡಿದ ಔಷಧಾಲಯ ಇವತ್ತು ದೊಡ್ಡ ಆಸ್ಪತ್ರೆ, ಅಲ್ಲಿ ಮನೋವೈದ್ಯ ವಿಭಾಗವೂ ಇದೆ. ಉಡುಪಿಯ ಮಿಷನ್ ಆಸ್ಪತ್ರೆ 1923ರದ್ದು. ಸುವಾರ್ತೆ ಬರೆದ ಲೂಕನನ್ನು ಪೌಲ ಪ್ರಿಯ ವೈದ್ಯ ಎಂದು ಕರೆದಿದ್ದಾನೆ.

ಹೆತ್ತವರಲ್ಲಿ ಒಂದು ಕಳಕಳಿಯ ಕೋರಿಕೆ. ಮಗುವಿನ ಭಯವನ್ನು ಸಭೆಯ ವಾಟ್ಸಾಪ್ ಗುಂಪಿನಲ್ಲಿ ಪ್ರಾರ್ಥನಾ ವಿನಂತಿಯಾಗಿ ಹಾಕಬೇಡಿ. ಹೆಸರಿಲ್ಲದಿದ್ದರೂ ಎಲ್ಲರಿಗೂ ಗೊತ್ತಾಗುತ್ತದೆ. ಮರುದಿನ ಭಾನುವಾರ ಒಬ್ಬ ಆಂಟಿ ತಲೆ ಸವರಿ "ಈಗ ಹೇಗಿದ್ದೀಯಾ?" ಅಂದರೆ ಆ ಮಗು ಇನ್ನು ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ. ಯಾರಿಗೆ ಹೇಳಬಹುದು ಎಂದು ಮಗುವನ್ನೇ ಕೇಳಿ. ದೆವ್ವದ ಕಾಟ ಅನ್ನುವ ಮಾತಂತೂ ಎತ್ತಲೇಬೇಡಿ.

ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ ಕೆಟ್ಟಿದ್ದರೆ, ಕ್ಲಾಸಿಗೆ ಹೋಗುವುದನ್ನೇ ನಿಲ್ಲಿಸಿದ್ದರೆ ಮನೋವೈದ್ಯರನ್ನು ಕಾಣಿರಿ. ಕೈ ಕೊಯ್ದುಕೊಂಡ ಗುರುತು ಕಂಡರೆ, "ನಾನು ಇರಬಾರದಿತ್ತು" ಅನ್ನುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. "ಸಾಯಬೇಕು ಅಂತ ಅನಿಸ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ. ಮುಂಬೈಯಲ್ಲಿದ್ದರೂ ಕನ್ನಡದಲ್ಲಿ ಮಾತಾಡಬೇಕು ಎಂದು ಕೇಳಿಕೊಳ್ಳಿ. ಮಕ್ಕಳೂ ತಾವೇ ಫೋನ್ ಮಾಡಬಹುದು. ಆ ನಂಬರನ್ನು ಸಂಡೇ ಸ್ಕೂಲಿನ ನೋಟಿಸ್ ಬೋರ್ಡಿನಲ್ಲಿ, ಅವರ ಕಣ್ಣಿಗೆ ಬೀಳುವ ಎತ್ತರದಲ್ಲಿ ಅಂಟಿಸಿ.