ವಿಮಾನದ ಬಣ್ಣ ತೀರ್ಮಾನಿಸುವುದು ಯಾರು?

1997ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ ಕನ್ಸರ್ವೇಟಿವ್ ಪಕ್ಷದ ಸಮಾವೇಶ ನಡೆದಿತ್ತು. ಅಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು ಮಾಡೆಲ್ ವಿಮಾನ ಇಟ್ಟಿದ್ದರು. ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅದರ ಬಾಲ ನೋಡಿ ಸಿಟ್ಟಾಗಿ, ಕರ್ಚೀಫ್ ತೆಗೆದು ಮುಚ್ಚಿಬಿಟ್ಟರು. ಆ ವರ್ಷವೇ ಕಂಪನಿ ಬ್ರಿಟನ್ನಿನ ಬಾವುಟದ ಬಣ್ಣ ಬಿಟ್ಟು ಬೇರೆ ಬೇರೆ ದೇಶಗಳ ಕಲೆಯನ್ನು ಬಾಲದ ಮೇಲೆ ಬಿಡಿಸಲು ಶುರುಮಾಡಿತ್ತು. 2001ರಲ್ಲಿ ಎಲ್ಲ ವಿಮಾನಕ್ಕೂ ಬಾವುಟವೇ ಇರಲಿ ಅಂತ ತೀರ್ಮಾನವಾಯಿತು.

ಇದನ್ನು ಕೇಳಿದರೆ ವಿಮಾನದ ಬಣ್ಣ ಬರೀ ಅಭಿಮಾನದ ವಿಷಯ ಅನ್ನಿಸಬಹುದು. ಆದರೆ ಮಾಡೆಲ್‌ಗಳನ್ನು ಕೂಡಿಹಾಕುವ ನನ್ನಂಥವರು ಅವನ್ನು ಇಸವಿ ಪ್ರಕಾರ ಕಪಾಟಿನಲ್ಲಿ ಜೋಡಿಸಿದಾಗ ಕಾಣುವುದೇ ಬೇರೆ. ಮೊದಲು ಲೋಹ, ಬಿಸಿಲು, ತೂಕ ಇವು ತೀರ್ಮಾನ ಮಾಡುತ್ತವೆ. ಕಲಾವಿದರ ಸರದಿ ಬರುವುದು ಆಮೇಲೆ.

ಹಳೇ ವಿಮಾನಗಳಿಂದಲೇ ಶುರುಮಾಡೋಣ. 1930, 40ರ ದಶಕದ ವಿಮಾನಗಳು ಬಹುಪಾಲು ಬರೀ ಅಲ್ಯೂಮಿನಿಯಂ ಹೊಳಪಿನಲ್ಲೇ ಹಾರುತ್ತಿದ್ದವು. ಗಟ್ಟಿಯಾದ ಮಿಶ್ರಲೋಹದ ತಗಡಿನ ಮೇಲೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಇರುತ್ತಿತ್ತು, ಅದೇ ತುಕ್ಕಿನಿಂದ ಕಾಪಾಡುತ್ತಿತ್ತು. ಆಮೇಲೆ ಬಿಸಿಲಲ್ಲಿ ನಿಂತ ವಿಮಾನದ ಒಳಗೆ ಸೆಕೆ ತಡೆಯಲು ಮೇಲ್ಭಾಗಕ್ಕೆ ಬಿಳಿ ಬಣ್ಣ ಬಂತು. ಮೇಲೆ ಬಿಳಿ, ಕೆಳಗೆ ಲೋಹ, ನಡುವೆ ಕಿಟಕಿಗಳ ಉದ್ದಕ್ಕೂ ಒಂದು ಬಣ್ಣದ ಪಟ್ಟಿ. 1950, 60ರ ದಶಕದ ಯಾವ ಮಾಡೆಲ್ ತೆಗೆದುಕೊಂಡರೂ ಹೆಚ್ಚುಕಡಿಮೆ ಇದೇ ಲೆಕ್ಕ.

ಇದನ್ನು ಮುರಿದದ್ದು ಅಮೆರಿಕದ ವಿಮಾನ ಕಂಪನಿ ಬ್ರಾನಿಫ್. 1965ರಲ್ಲಿ ಅಲೆಕ್ಸಾಂಡರ್ ಗಿರಾರ್ಡ್ ಎಂಬ ವಿನ್ಯಾಸಕಾರ ಇಡೀ ವಿಮಾನಕ್ಕೆ ಒಂದೇ ಗಾಢ ಬಣ್ಣ ಬಳಿಸಿದರು. ಒಂದು ಕಿತ್ತಳೆ, ಇನ್ನೊಂದು ನಿಂಬೆ ಹಳದಿ, ಮತ್ತೊಂದು ನೀಲಿ. 1982ರಲ್ಲಿ ಬ್ರಾನಿಫ್ ಮುಚ್ಚಿಹೋಯಿತು, ಆದರೆ ಅದರ ಮಾಡೆಲ್‌ಗಳಿಗೆ ಇವತ್ತಿಗೂ ಬೇಡಿಕೆ ಇದೆ. ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ಕೂಡ ಹಾಗೆಯೇ, 2012ರಲ್ಲಿ ಹಾರಾಟ ನಿಲ್ಲಿಸಿದ ಮೇಲೆ ಅದರ ಕೆಂಪು ಬಣ್ಣ ಈಗ ಕಪಾಟುಗಳಲ್ಲೇ ಉಳಿದಿದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಚೆಂದದ ಬಣ್ಣ ಏರ್ ಇಂಡಿಯಾದ ಬೋಯಿಂಗ್ 747 ಜಂಬೋ ಜೆಟ್‌ಗಳದ್ದು. 1971ರಲ್ಲಿ 'ಎಂಪರರ್ ಅಶೋಕ' ಎಂಬ ಹೆಸರಿನ ವಿಮಾನ ಬಂದಾಗ ಅದರ ಪ್ರತಿ ಕಿಟಕಿಯ ಸುತ್ತ ರಾಜಸ್ಥಾನದ ಅರಮನೆಗಳ ಝರೋಕಾದಂತೆ (ಕಮಾನಿನ ಕಿಟಕಿಯಂತೆ) ಕೆಂಪು ಕಮಾನು ಬಿಡಿಸಿದ್ದರು. 1989ರಲ್ಲಿ ಇದನ್ನು ಬದಲಿಸಲು ಹೋದಾಗ ಜನ ಒಪ್ಪಲಿಲ್ಲ, ಕಮಾನುಗಳು ವಾಪಸ್ ಬಂದವು.

ಇದನ್ನು ಮಾಡೆಲ್ ಮೇಲೆ ತರುವುದು ಸುಮ್ನೆ ಮಾತಲ್ಲ. ಸಂಗ್ರಹಕಾರರಲ್ಲಿ ಜಾಸ್ತಿ ಓಡುವ ಅಳತೆ 1:400. ಅಂದರೆ ಸುಮಾರು 70 ಮೀಟರ್ ಉದ್ದದ 747 ಅಂಗೈ ಮೇಲೆ ಕೂರುವ 17.5 ಸೆಂ.ಮೀ. ಆಗುತ್ತದೆ, ಕಿಟಕಿ 1 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಆ ಕಿಟಕಿಯ ಸುತ್ತ ಚೂಪಾದ ತುದಿಯ ಕಮಾನು ಬರಬೇಕು, ಅದೂ ದುಂಡನೆಯ ಮೈ ಮೇಲೆ! ಇದಕ್ಕೆ ಪ್ಯಾಡ್ ಪ್ರಿಂಟಿಂಗ್ ಅಂತ ಒಂದು ವಿಧಾನ ಇದೆ. ಚಿತ್ರ ಕೊರೆದ ತಗಡಿಗೆ ಇಂಕು ತುಂಬಿ, ಮೇಲಿನದನ್ನು ಒರೆಸಿ, ಮೆತ್ತನೆಯ ಸಿಲಿಕೋನ್ ಪ್ಯಾಡ್ ಒತ್ತುತ್ತಾರೆ. ಗಾಳಿ ತಾಗಿದ ಇಂಕು ಸ್ವಲ್ಪ ಅಂಟಂಟಾಗಿ ಪ್ಯಾಡಿಗೆ ಹತ್ತುತ್ತದೆ. ಅದೇ ಪ್ಯಾಡನ್ನು ಮಾಡೆಲ್ ಮೇಲೆ ಒತ್ತಿದರೆ ಅದು ಮೈಯ ಬಾಗಿಗೆ ತಕ್ಕಂತೆ ಹರಡಿ ಇಂಕನ್ನು ಅಲ್ಲಿ ಬಿಟ್ಟುಬರುತ್ತದೆ. ಬಣ್ಣಕ್ಕೊಂದು ಸಲ ಒತ್ತಬೇಕು. ಒಂದು ಸಲ ಕೂದಲೆಳೆಯಷ್ಟು ಜರುಗಿದರೂ ಕಮಾನು ಒಂದು ಕಡೆ, ಕಿಟಕಿ ಇನ್ನೊಂದು ಕಡೆ. ಕೊಳ್ಳುವಾಗ ನಾನು ಭೂತಗನ್ನಡಿ ಹಿಡಿದು ಮೊದಲು ನೋಡುವುದೇ ಇದನ್ನು.

ಇಲ್ಲೊಂದು ಮಜಾ ಲೆಕ್ಕ ಇದೆ. ನಿಜವಾದ ವಿಮಾನದ ಬಣ್ಣದ ದಪ್ಪ ಸುಮಾರು 0.1ರಿಂದ 0.2 ಮಿ.ಮೀ. ಅಷ್ಟು ತೆಳುವಾದರೂ ಒಂದು 747ಕ್ಕೆ ಬಳಿದ ಬಣ್ಣ 250 ಕೆ.ಜಿ. ತೂಗುತ್ತದೆ, ಅಂದರೆ ಮೂರು ನಾಲ್ಕು ಜನರ ತೂಕ. 0.1 ಮಿ.ಮೀ. ಅನ್ನು 400ರಿಂದ ಭಾಗಿಸಿದರೆ ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗದ ಉದ್ದಕ್ಕಿಂತ ಕಡಿಮೆ ಬರುತ್ತದೆ! ಅಷ್ಟು ತೆಳು ಬಣ್ಣ ಕೆಳಗಿನ ಲೋಹವನ್ನು ಮುಚ್ಚುವುದೇ ಇಲ್ಲ. ಹಾಗಾಗಿ ಮಾಡೆಲ್‌ಗೆ ದಪ್ಪ ಬಣ್ಣವೇ ಬೇಕು. ಅದು 0.03 ಮಿ.ಮೀ. ಇದ್ದರೂ ನಿಜ ವಿಮಾನದ ಲೆಕ್ಕದಲ್ಲಿ 12 ಮಿ.ಮೀ. ದಪ್ಪದ ಗಾರೆ ಮೆತ್ತಿದಂತೆ. ಬಾಗಿಲ ಗೆರೆ, ರೆಕ್ಕೆಯ ಸಂದು ಎಲ್ಲ ತುಂಬಿ ಮರೆಯಾಗದ ಹಾಗೆ ಬಣ್ಣ ಹಾಕುವುದರಲ್ಲೇ ಒಳ್ಳೆ ತಯಾರಕರ ಕೈಚಳಕ ಕಾಣುವುದು.

ಬಣ್ಣಕ್ಕೆ ಶಾಖ ಹಾಕುವ ಕಡಿವಾಣ ನೋಡಬೇಕಾದರೆ ಕಾನ್‌ಕಾರ್ಡ್ ನೋಡಿ. ಶಬ್ದದ ಎರಡರಷ್ಟು ವೇಗದಲ್ಲಿ, ಅಂದರೆ ಮ್ಯಾಕ್ 2ರಲ್ಲಿ, ಅದರ ಮೂಗು 127 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತಿತ್ತು. ಶಾಖವನ್ನು ಹೊರಗೆ ಬಿಡುವ ವಿಶೇಷ ಬಿಳಿ ಬಣ್ಣ ಅದಕ್ಕೆ ಬೇಕೇಬೇಕಿತ್ತು. 1996ರಲ್ಲಿ ಪೆಪ್ಸಿ ಜಾಹೀರಾತಿಗೆ ಏರ್ ಫ್ರಾನ್ಸ್ ಒಂದು ಕಾನ್‌ಕಾರ್ಡ್‌ಗೆ ನೀಲಿ ಬಳಿಯಿತು. ಇಂಧನ ಕಾಯದಿರಲಿ ಅಂತ ರೆಕ್ಕೆಗಳನ್ನು ಬಿಳಿಯಾಗಿಯೇ ಬಿಟ್ಟರು. ಮ್ಯಾಕ್ 2 ವೇಗದಲ್ಲಿ 20 ನಿಮಿಷಕ್ಕಿಂತ ಜಾಸ್ತಿ ಹಾರಬೇಡಿ ಅಂತಲೂ ಹೇಳಿದ್ದರು. ಕೆಲವೇ ದಿನಗಳಲ್ಲಿ ಅದು ಮತ್ತೆ ಬಿಳಿಯಾಯಿತು.

ಈಗಿನ ಬಿಳಿ ವಿಮಾನಗಳಿಗೆ ಕಾರಣ ಬೇರೆ. ಬಾಡಿಗೆಗೆ ತಂದ ವಿಮಾನವನ್ನು ನಾಳೆ ಇನ್ನೊಂದು ಕಂಪನಿಗೆ ಕೊಡಬೇಕಾದರೆ ಬಿಳಿ ಇದ್ದರೆ ಸಲೀಸು. ಜೊತೆಗೆ ಕೆಲವು ಹೊಸ ವಿಮಾನಗಳಲ್ಲಿ ಲೋಹದ ಜಾಗಕ್ಕೆ ಕಾರ್ಬನ್ ನಾರಿನ ಮೈ ಬಂದಿದೆ. ಅದನ್ನು ಉಜ್ಜಿ ಹೊಳಪು ತರಲು ಆಗುವುದಿಲ್ಲ, ಬಣ್ಣ ಬಳಿಯಲೇಬೇಕು. ದಶಕಗಳ ಕಾಲ ಬರೀ ಲೋಹದಲ್ಲಿ ಹಾರಿದ ಅಮೆರಿಕನ್ ಏರ್‌ಲೈನ್ಸ್ 2013ರಲ್ಲಿ ಬೆಳ್ಳಿ ಬಣ್ಣ ಬಳಿಯಲು ಶುರುಮಾಡಿದ್ದಕ್ಕೆ ಇದೂ ಒಂದು ಕಾರಣ. ಆ ಬಣ್ಣಕ್ಕೆ ಮಿನುಗು ಕೊಡುವುದು ಲೋಹದ ಪುಡಿಯಲ್ಲ, ಅಭ್ರಕ.

ಮಾಡೆಲ್‌ಗೂ ತನ್ನದೇ ಲೋಹದ ಕಾಟ ಇದೆ. ಕರಗಿಸಿದ ಲೋಹವನ್ನು ಅಚ್ಚಿಗೆ ಒತ್ತಿ ಮಾಡುವ ಡೈಕಾಸ್ಟ್ ಮಾಡೆಲ್ ಅಂದರೆ ಬಹುಪಾಲು ಸತುವಿನ ಮಿಶ್ರಲೋಹ. ಅದರಲ್ಲಿ ಚೂರು ಸೀಸ ಸೇರಿಕೊಂಡರೂ, ತೇವಾಂಶ ಸಿಕ್ಕಾಗ ಲೋಹದ ಹರಳುಗಳ ನಡುವೆ ತುಕ್ಕು ಹಬ್ಬಿ, ಮಾಡೆಲ್ ಉಬ್ಬಿ, ಸೀಳಿ, ಕೊನೆಗೆ ಪುಡಿಯಾಗುತ್ತದೆ. 1930ರ ದಶಕದ ಆಟಿಕೆ ವಿಮಾನಗಳು ಎಷ್ಟೋ ಹೀಗೇ ಹೋದವು. ಇವತ್ತು ತುಂಬಾ ಶುದ್ಧವಾದ ಸತು ಬಳಸುವುದರಿಂದ ಭಯ ಕಡಿಮೆ. ಆದರೂ ಹಳೇದನ್ನು ಕೊಳ್ಳುವವರು ರೆಕ್ಕೆಯ ಬುಡದಲ್ಲಿ ಬಿರುಕಿದೆಯಾ ಅಂತ ನೋಡಲೇಬೇಕು. ಇದು ಒಮ್ಮೆ ಶುರುವಾದರೆ ಮದ್ದಿಲ್ಲ.

2023ರಲ್ಲಿ ಏರ್ ಇಂಡಿಯಾ ಮತ್ತೆ ಬಣ್ಣ ಬದಲಿಸಿತು. ಆ ಬಣ್ಣದ ಮೊದಲ ಏರ್‌ಬಸ್ ಎ350 ವಿಮಾನ 2024ರ ಜನವರಿ 22ರಂದು ಬೆಂಗಳೂರಿನಿಂದ ಮುಂಬೈಗೆ ಪ್ರಯಾಣಿಕರನ್ನು ಹೊತ್ತು ಹಾರಿತು. ಅದರ ಅರ್ಧಕ್ಕಿಂತ ಜಾಸ್ತಿ ಕಾರ್ಬನ್ ನಾರಿನಂಥ ಮಿಶ್ರವಸ್ತು. ಝರೋಕಾ ಈಗ ಬಂಗಾರದ ಬಣ್ಣದ ಒಂದು ಚೌಕಟ್ಟಾಗಿ ಉಳಿದಿದೆ, ಕಿಟಕಿಗಳೆಲ್ಲ ಬಿಳಿ ಮೈ ಮೇಲೆ ಬೋಳಾಗಿವೆ. ಹೊಸದು ಅಚ್ಚುಕಟ್ಟಾಗಿದೆ, ಒಪ್ಪುತ್ತೇನೆ. ಆದರೆ ಎರಡರ ಮಾಡೆಲ್‌ಗಳನ್ನೂ ಮುಂದಿಟ್ಟು ಒಂದನ್ನು ಆರಿಸಿಕೋ ಅಂದರೆ ನನ್ನ ಕೈ ಹೋಗುವುದು ಕೆಂಪು ಕಮಾನುಗಳ ಕಡೆಗೇ.